ಐಚ್ಛಿಕ

ಅರ್ಜಿಯಲ್ಲಿ ಐದು ಖಾನೆ.
ನಾಲ್ಕನ್ನು ಕಾಲೇಜಿನವರೇ ತುಂಬಿ ಕೊಟ್ಟಿದ್ದಾರೆ.
ಐದನೆಯದು ಖಾಲಿ, ಅದರ ನೆತ್ತಿಯ ಮೇಲೆ
ಇಲೆಕ್ಟಿವ್ ಅಂತ ಒಂದು ಪದ.

ಕನ್ನಡದಾಗ ಏನಂತಾರ? ಕೇಳಿದಳು ಅವ್ವ.
ಬೈನಾದ ಕನ್ನಡ ಶಾಲೆಯಲ್ಲಿ ಏಳನೆಯವರೆಗೆ ಓದಿದ್ದೇನಲ್ಲ,
ಐಚ್ಛಿಕ, ಅಂದೆ.
ಹಂಗಂದ್ರ?
ಇಚ್ಛಾ ಇದ್ದದ್ದು ತಗೊಳ್ಳೋದು.
ಯಾರ ಇಚ್ಛಾ?

ಅಷ್ಟರಲ್ಲಿ ಕುಕ್ಕರ್ ಕೂಗಿತು.

ಮೆಂತ್ಯೆ ಸೋಸುತ್ತ ಕೂತವಳಿಗೆ
ಪಟ್ಟಿ ಓದಿ ಹೇಳಿದೆ, ಸಂತೆಯ ದರ ಹೇಳಿದಂತೆ.
ಬೇಕರಿ ತರಬೇತಿ.
ಬೆಳಗಾದ್ರ ಪೊದೆರ್ ಸೈಕಲ್ ಬರತೈತಲ್ಲ, ಸಾಕು.
ಪ್ರವಾಸೋದ್ಯಮ.
ಅಂದ್ರ ಹೋಟೆಲಿನ ನೆಲ ಒರಸೋದೇನು?
ಕೊಂಕಣಿ ಸಂಭಾಷಣೆ.
ಬಾಯಾಗ ಇದ್ದದ್ದಕ್ಕ ಫೀ ಯಾಕ ಕಟ್ಟತೀ?
ಶೇರುಪೇಟೆ.
ಇದಕ್ಕೆ ಅವಳು ಮಾತೇ ಆಡಲಿಲ್ಲ.
ಚೀಟಿಯ ದುಡ್ಡು ಎತ್ತಿಕೊಂಡು
ರಾತ್ರೋರಾತ್ರಿ ಊರು ಬಿಟ್ಟ ಅಡಿವೆಪ್ಪ
ಒಂದು ಗಳಿಗೆ ನಮ್ಮ ನಡುವೆ ಬಂದು ಕೂತು ಹೋದ.
ಖಗೋಳ.
ಅದೇನದು?
ಚುಕ್ಕಿ, ಅವ್ವಾ. ಆಕಾಶದಾಗಿನವು.

ದಂಟು ಮುರಿಯುವ ಕೈ ನಿಂತಿತು.
ಅದನ್ನ ಓದಿದ್ರ ಕೆಲಸ ಸಿಗತೈತೇನು?
ಇಲ್ಲ.
ಹ್ಞೂಂ, ಅಂದಳು. ಮತ್ತೆ
ದಂಟು ಇತ್ತ, ಎಲೆ ಅತ್ತ.

ಆಸಾವರಿಯದು ಸುಲಭ: ಎಲ್ಲಿ ಅಂಕ ಸಲೀಸೋ ಅದು.
ಲವೀನಾಳದು ಇನ್ನೂ ಸುಲಭ:
ಯಾವ ಮೇಷ್ಟ್ರು ಹಾಜರಿ ಕೂಗುವುದಿಲ್ಲವೋ ಅವರದು.
ನನ್ನದನ್ನು ಆರಿಸಬೇಕಾದದ್ದು
ಮಡಗಾಂವ್ ಬಸ್‌ಸ್ಟ್ಯಾಂಡಿನ ವೇಳಾಪಟ್ಟಿ.
ಬೇಕರಿ ಹನ್ನೊಂದಕ್ಕೆ, ಕೊಂಕಣಿ ಹನ್ನೆರಡಕ್ಕೆ,
ಶೇರುಪೇಟೆ ಊಟವಾದ ಮೇಲೆ.
ಚುಕ್ಕಿಗಳದು ಮಾತ್ರ
ಶುಕ್ರವಾರ, ತಾರಸಿಯ ಮೇಲೆ, ಸಂಜೆ ಆರೂವರೆಗೆ.
ಇನ್ಯಾವಾಗ ಬರಬೇಕು ಪಾಪ ಅವು?
ಬಿರ್ಲಾಕ್ಕೆ ನನ್ನ ನೇರ ಬಸ್ಸು ಏಳಕ್ಕೆ.

ಖಿಡಕಿಯ ಆಚೆ ಗಾಂವ್ಕರ್ ಸರ್
ಕನ್ನಡಕ ಮೂಗಿನ ತುದಿಗೆ ಜಾರಿಸಿ ಅಂದರು:
ಸೀಟು ನಲವತ್ತು, ಅರ್ಜಿ ಹನ್ನೊಂದು.
ಯೋಚನೆ ಮಾಡು ಬಾಯ್,
ಮಳೆಗಾಲದಲ್ಲಿ ಗೋವೆಗೆ ಆಕಾಶವೇ ಇರೋದಿಲ್ಲ.
ನಾಳೆ ನಾಲ್ಕಕ್ಕೆ ಕಡೆಯ ಗಡುವು.

ರಾತ್ರಿ ದೀಪ ಆರಿಸಿದ ಮೇಲೆ
ಗೋಡೆಯ ಕಡೆ ತಿರುಗಿದ್ದ ಅವ್ವ ಕೇಳಿದಳು:
ಬಸ್ಸು ತಪ್ಪಿದ್ರ?
ಪಣಜಿ ಬಸ್ಸು ಹಿಡಿದು ವೆರ್ಣಾದಾಗ ಇಳೀಬೇಕು.
ಅಲ್ಲಿಂದ?
ಅಲ್ಲಿಂದ ನನಗೂ ಗೊತ್ತಿರಲಿಲ್ಲ.
ಫ್ಯಾನು ಮೂರು ಸುತ್ತು ಟಕ್ ಅಂದಿತು.
ಶುಕ್ರವಾರಕ್ಕ ಓವರ್‌ಟೈಮ್ ಹಾಕಿಸ್ಕೋತೀನಿ,
ಗುಳಿಗೆ ಪ್ಯಾಕಿಂಗು, ಎಂಟಕ್ಕ ಬಿಡತಾರ.
ವೆರ್ಣಾ ಸರ್ಕಲ್ಲಿನಾಗ ನಿಂತಿರತೀನಿ.
ಮಲಕೋ.

ಐದನೆಯ ಖಾನೆ ತುಂಬಿದೆ.
ನೀಲಿ ಶಾಯಿ, ಒಂದು ಅಕ್ಷರ ಗೀಚಿ ತಿದ್ದಿದ್ದು.

ಮೊದಲ ಶುಕ್ರವಾರ ಮುಗಿಲು ಹರಿದು ಸುರಿಯಿತು.
ತಾರಸಿಯ ಬಾಗಿಲಿಗೆ ಬೀಗ.
ಹನ್ನೊಂದೂ ಜನ ಪ್ರಯೋಗಾಲಯದಲ್ಲಿ ಒತ್ತಿ ಕೂತೆವು,
ಮೇಡಂ ಹಲಗೆಯ ಮೇಲೆ ಸೀಮೆಸುಣ್ಣದ ತುದಿಯಿಂದ
ಚುಕ್ಕಿ ಚುಕ್ಕಿ ಕುಟ್ಟಿದರು.
ನನಗೆ ಅಜ್ಜಿ ಅಂಗಳಕ್ಕೆ ಬಗ್ಗಿದ್ದು ನೆನಪಾಯಿತು,
ಆದರೆ ಇಲ್ಲಿ ಗೆರೆ ಎಳೆಯಲಿಲ್ಲ ಯಾರೂ.

ಎಂಟೂಕಾಲಿಗೆ ವೆರ್ಣಾ.
ಹಳದಿ ದೀಪದ ಕೆಳಗೆ ಪ್ಲಾಸ್ಟಿಕ್ ಕೊಪ್ಪೆ ಹೊದ್ದು
ಅವ್ವ. ಕೈಯಲ್ಲಿ ಗುಳಿಗೆಯ ಕಹಿ ವಾಸನೆ.
ಎಷ್ಟು ಕಂಡವು?
ಒಂದೂ ಇಲ್ಲ.
ಮತ್ತ ಇಷ್ಟೊತ್ತನಕ ಏನ್ ಮಾಡಿದ್ರಿ?
ಎಲ್ಲೆಲ್ಲಿ ಇರತಾವ ಅಂತ ಕಲಿತ್ವಿ.

ಟ್ರಕ್ಕೊಂದು ಕೆಸರು ಹಾರಿಸಿ ಹೋಯಿತು.
ಅವಳು ಕೊಪ್ಪೆಯ ಅರ್ಧ ನನ್ನ ತಲೆಗೆ ಎಳೆದಳು.
ಬಿರ್ಲಾದ ಬಸ್ಸು ಇನ್ನೂ ಬಂದಿರಲಿಲ್ಲ.
ಹಂಗಾದ್ರ, ಅಂದಳು,
ಈಗ ಈ ದೀಪದ ಮ್ಯಾಲ ಯಾವುದೈತಿ?