ಶೇಕಡಾ ತೊಂಬತ್ತಾರು

ಹೆಸರು ಕೊಟ್ಟವನು ಲಿಗೋರಿ ಒಬ್ಬನೇ.
ಸಮುದ್ರಶಾಸ್ತ್ರ, ಎಂಟು ವಾರ, ಶುಲ್ಕವಿಲ್ಲ.
ಯಾರು ಬೇಕಾದರೂ ಬರಬಹುದಾದ ವಿಶ್ವವಿದ್ಯಾಲಯ,
ಗೇಟಿನಲ್ಲಿ ಗುರುತಿನ ಚೀಟಿ ಕೇಳುವವರಿಲ್ಲ.
ಸೋಹಾರ್ ಬಂದರಿನ ಗೇಟು ಹಾಗಲ್ಲ.

ಶುಕ್ರವಾರ, ನಮಾಜು ಮುಗಿಸಿ ಪುತ್ತುಬಾವ ಬಂದ ಮೇಲೆ
ಹದಿನಾಲ್ಕನೇ ನಂಬರಿನ ಕೋಣೆಯಲ್ಲಿ
ಅಕ್ಕಿ ಡಬ್ಬಕ್ಕೆ ಫೋನು ಒರಗಿಸಿ
ಐದು ಜನ ಕೂರುತ್ತಿದ್ದೆವು.
ಆ ಕಡೆಯ ಲೆಕ್ಕಕ್ಕೆ ಸಿಕ್ಕಿದ್ದು ಒಬ್ಬ.
ಬಿರುಕು ಬಿಟ್ಟ ಗಾಜಿನಾಚೆ ಮೇಷ್ಟ್ರು
ಉಪ್ಪಿನ ಪ್ರಮಾಣ ಹೇಳಿದರು: ಸಾವಿರಕ್ಕೆ ಮೂವತ್ತೈದು.
"ಇಲ್ಲಿ ಅಷ್ಟಲ್ಲ, ಜಾಸ್ತಿ," ಎಂದ ಪುತ್ತುಬಾವ,
ನೀರು ಸಿಹಿ ಮಾಡುವ ಕಾರ್ಖಾನೆಯಲ್ಲಿ
ಹನ್ನೊಂದು ವರ್ಷದಿಂದ ಮೀಟರು ಓದುವವನು.
ಮೇಷ್ಟ್ರಿಗೆ ಅದು ಕೇಳಿಸಲಿಲ್ಲ.

ನಾನು ಹುಮನಾಬಾದಿನ ಕಡೆಯವನು.
ಮೂವತ್ತು ತುಂಬುವ ತನಕ ನೀರೆಂದರೆ ನನಗೆ
ಎರಡೂ ದಡ ಕಾಣುವಂಥದು.
ಕ್ರೇನಿನ ಕೆಳಗೆ ಕೈಸನ್ನೆ ಮಾಡುತ್ತ
ಸಮುದ್ರಕ್ಕೆ ಬೆನ್ನು ಹಾಕಿಯೇ ಏಳು ವರ್ಷ ನಿಂತೆ.
ಅದರ ಅಡಿಯಲ್ಲಿ ಬೆಟ್ಟಗಳಿವೆ ಎಂದು ತಿಳಿದ ರಾತ್ರಿ
ನಿದ್ದೆ ಬರಲಿಲ್ಲ.

ಜೂನಿನಲ್ಲಿ, ಸಲಾಲಾದ ಕಡೆ,
ಆಳದ ತಣ್ಣೀರು ಮೇಲೆದ್ದು ಬರುತ್ತದಂತೆ, ಅದರ ಹಿಂದೆ ಮೀನು.
ಟೇಕ್ ಬಹಾದೂರ್, ಹಿಮದ ಊರಿನವ, ಹಿಂದಿಯಲ್ಲಿ ಕೇಳಿದ:
ತಣ್ಣೀರು ಭಾರ ಅಂದರಲ್ಲ, ಮತ್ತೆ ಹೇಗೆ ಏಳುತ್ತೆ?
ಆ ವಾರವೆಲ್ಲ ಅದೇ ಮಾತು,
ಬಸ್ಸಿನಲ್ಲಿ, ಊಟದ ಸಾಲಿನಲ್ಲಿ,
ಕೈಯ ಗ್ರೀಸು ತೊಳೆಯುವ ನಲ್ಲಿಯ ಬಳಿ.
ಗಾಳಿ ಮೇಲಿನ ನೀರನ್ನು ಆಚೆ ತಳ್ಳುತ್ತದೆ,
ಜಾಗ ತೆರವಾದರೆ ಕೆಳಗಿನದು ಏಳಲೇಬೇಕು.
ಹಾಗೆಂದು ತೋರಿಸಿಕೊಟ್ಟವನು ಅಡುಗೆಯ ಸೆಲ್ವಂ,
ಸಾರಿನ ಪಾತ್ರೆಗೆ ಉಫ್ ಎಂದು ಊದಿ.

ಐದನೆಯ ವಾರ ಲಿಗೋರಿಯ ಕರಾರು ಮುಗಿಯಿತು.
ಪೆಟ್ಟಿಗೆ ಕಟ್ಟುತ್ತ ಪಾಸ್‌ವರ್ಡು ಹೇಳಿದ:
ಮಗಳ ಹೆಸರು, ಹುಟ್ಟಿದ ವರ್ಷ. "ಬದಲಿಸಬೇಡಿ."
ಅಂದಿನಿಂದ ನಾವು ನಾಲ್ವರೂ ಲಿಗೋರಿ.
ಬುಧವಾರಕ್ಕೊಂದು ಓಲೆ ಬರುತ್ತಿತ್ತು:
ಪ್ರಿಯ ಲಿಗೋರಿ, ನಿಮ್ಮ ಜೊತೆ ಸೇರಿದ
ಹನ್ನೆರಡು ಸಾವಿರದಲ್ಲಿ ಒಂಬೈನೂರು ಜನ ಉಳಿದಿದ್ದಾರೆ.
ನೀವು ಉಳಿದದ್ದಕ್ಕೆ ಅಭಿನಂದನೆ.
ಉಳಿದವನು ಆಗ ಮಡಂತ್ಯಾರಿನಲ್ಲಿ
ಕೋಳಿ ಗೂಡಿಗೆ ತಗಡು ಹೊದಿಸುತ್ತಿದ್ದ.

ಬಿಟ್ಟು ಹೋದ ಅಷ್ಟು ಸಾವಿರ ಮಂದಿ
ಒಮ್ಮೊಮ್ಮೆ ನೆನಪಾಗುತ್ತಾರೆ, ನೋಡದಿದ್ದರೂ.
ಯಾರ ಫೋನು ನೀರಿಗೆ ಬಿತ್ತೋ,
ಯಾರಿಗೆ ರಾತ್ರಿ ಪಾಳಿ ಬಿತ್ತೋ,
ಯಾರಿಗೆ ಬೇಕಾದದ್ದು ಮೊದಲ ಪಾಠದಲ್ಲೇ ಸಿಕ್ಕಿತೋ.
ಹೋಟೆಲಿಗೆ ಬಂದವರೆಲ್ಲ ಊಟಕ್ಕೇ ಬಂದಿರುವುದಿಲ್ಲ,
ನೀರು ಕುಡಿದು ಹೋಗುವವರೂ ಇರುತ್ತಾರೆ.

ಎಂಟನೆಯ ವಾರ. ಕೊನೆಯ ಪರೀಕ್ಷೆ, ಕೊನೆಯ ಪ್ರಶ್ನೆ.
ಉತ್ತರ ನಾಲ್ವರಿಗೂ ಗೊತ್ತು.
ಹಸಿರು ಪಟ್ಟಿ ತೊಂಬತ್ತಾರಕ್ಕೆ ಬಂದು ನಿಂತಿತ್ತು.
ಪುತ್ತುಬಾವ ಬೆರಳು ಎತ್ತಿದ, ಇಳಿಸಲಿಲ್ಲ.
"ಒತ್ತಿದರೆ ಮುಗಿಯಿತಲ್ಲ," ಎಂದ.
ಸೆಲ್ವಂ ಎದ್ದು ಚಹಾಕ್ಕಿಟ್ಟ.
ನಾವು ಮೂರನೆಯ ವಾರದ ಪಾಠ ಮತ್ತೆ ಹಾಕಿದೆವು,
ಆ ತಣ್ಣೀರು ಏಳುವುದು.

ನಿನ್ನೆ ಮತ್ತೊಂದು ಓಲೆ, ಕೊಂಚ ಬೇಸರದ್ದು.
ಪ್ರಿಯ ಲಿಗೋರಿ, ಇಷ್ಟು ಹತ್ತಿರ ಬಂದು ಯಾಕೆ ಬಿಟ್ಟಿರಿ?
ಕಾರಣಕ್ಕೆ ಗುರುತು ಹಾಕಿ:
ಸಮಯ ಸಾಲಲಿಲ್ಲ. ಪಾಠ ಕಷ್ಟವಾಯಿತು.
ಆಸಕ್ತಿ ಉಳಿಯಲಿಲ್ಲ. ಇತರೆ.
ಇತರೆಯ ಎದುರು ಚಿಕ್ಕದೊಂದು ಖಾಲಿ ಚೌಕ.
ಟೇಕ್ ಬಹಾದೂರ್ ಫೋನು ಇಸಿದುಕೊಂಡು
ಬಹಳ ಹೊತ್ತು ಯೋಚಿಸಿ ಬರೆದ:
ಶುಕ್ರವಾರ.