ಸೌದೆಯ ಲೆಕ್ಕ

ಕಿಹ್ನು ದ್ವೀಪದಲ್ಲಿ ಹೆಂಗಸಿನ ಮನಸ್ಸನ್ನು
ಅವಳ ಲಂಗ ನೋಡಿ ಹೇಳಬಹುದು.
ಸಾವಾದ ಮನೆಯಲ್ಲಿ ಕಪ್ಪು, ಕಡುನೀಲಿ.
ತಿಂಗಳು ಕಳೆದಂತೆ ಒಂದೊಂದೇ ಕೆಂಪು ಗೆರೆ
ಮರಳಿ ಬರುತ್ತದೆ,
ಮುನಿಸು ಮರೆತ ನೆಂಟರ ಹಾಗೆ
ಬಾಗಿಲಲ್ಲಿ ಒಮ್ಮೆ ಕೆಮ್ಮಿ.

ನನ್ನದು ಪೂರ್ತಿ ಕೆಂಪು ಲಂಗ.
ಯಾರೂ ಸತ್ತಿರಲಿಲ್ಲ.
ಯೂರಿ ಬೆಳಗ್ಗೆ ಎದ್ದು ಬಲೆ ಬಿಡಿಸುತ್ತಿದ್ದ,
ರಾತ್ರಿ ಅವನ ಗೊರಕೆಗೂ ಒಳ್ಳೆಯ ಆರೋಗ್ಯವಿತ್ತು.
ಆದರೂ ಎರಡು ಚಳಿಗಾಲ
ನನ್ನ ಕಡ್ಡಿಗಳಲ್ಲಿ ಹೊಸ ಹೆಣಿಗೆಯೊಂದು ಹುಟ್ಟಲಿಲ್ಲ.
ಇದಕ್ಕೆ ಯಾವ ಬಣ್ಣ ಉಡಬೇಕೆಂದು
ಅಜ್ಜಿ ಹೇಳಿಕೊಟ್ಟಿರಲಿಲ್ಲ.

ಕೈಗವಸು ಹೆಣೆಯುತ್ತಿದ್ದೆ, ಇಲ್ಲವೆನ್ನುವುದಿಲ್ಲ.
ಬೇಸಿಗೆಯ ಹಡಗಿನಲ್ಲಿ ಬರುವವರಿಗೆ, ಡಜನ್ ಲೆಕ್ಕದಲ್ಲಿ.
ಬೆಕ್ಕಿನ ಹೆಜ್ಜೆ, ಮುರಿದ ಬೇಲಿ, ಮೀನಿನ ಹಲ್ಲು,
ಎಲ್ಲ ಕೈಗೆ ಬಾಯಿಪಾಠ, ಮಗ್ಗಿಯ ಹಾಗೆ:
ಎರಡೊಂದ್ಲ ಎರಡು, ಎರಡೆರಡ್ಲ ನಾಲ್ಕು.
ದುಡ್ಡು ಎಣಿಸಿ ಕೊಟ್ಟು, ಎಷ್ಟು ಚೆಂದ ಅಂದು ಹೋಗುತ್ತಿದ್ದರು.
ನನಗೆ ಗೊತ್ತಿತ್ತು, ಅದು ನಿನ್ನೆಯದು,
ಬಿಸಿ ಮಾಡಿ ಬಡಿಸಿದ್ದು.

ವಯಸ್ಸಾಯಿತು ಎಲ್ಮಿ, ಅಷ್ಟೆ,
ಅಂದಳು ಪಕ್ಕದ ಮನೆಯ ಸಾಲ್ಮೆ, ಕಾಫಿಗೆ ಸಕ್ಕರೆ ಸುರಿಯುತ್ತ.
ಸೊಸೆ ಪ್ಯಾರ್ನುವಿನಿಂದ
ನೂರು ನಮೂನೆಗಳ ಪುಸ್ತಕ ಕಳಿಸಿದಳು.
ಒಳ್ಳೆಯದೇ ಪುಸ್ತಕ. ತೆರೆದರೆ
ಬೇರೆಯವರ ಅಡುಗೆಮನೆಯಲ್ಲಿ
ಉಪ್ಪಿನ ಡಬ್ಬಿ ಹುಡುಕಿದ ಹಾಗಾಯಿತು.
ಕಡಲು ನೋಡಿದರೆ ಏನಾದರೂ ಬಂದೀತೆಂದು
ಗಾಳಿಗೆ ಮುಖ ಕೊಟ್ಟು ಒಂದು ಸಂಜೆ ಕೂತೆ.
ಬಂತು. ನೆಗಡಿ.

ಆಮೇಲೆ ಹಟ.
ದಿನಕ್ಕೆ ಹತ್ತು ಸಾಲು, ಕೆಟ್ಟದ್ದಾದರೂ ಸರಿ.
ಹೆಣೆದೆ, ಬಿಚ್ಚಿದೆ, ಹೆಣೆದೆ, ಬಿಚ್ಚಿದೆ.
ಬಿಚ್ಚಿದ ನೂಲು ನೆಟ್ಟಗಿರುವುದಿಲ್ಲ,
ತಾನೇನಾಗಿತ್ತೆಂಬುದನ್ನು ಸುರುಳಿ ಸುರುಳಿಯಾಗಿ
ನೆನಪಿಟ್ಟುಕೊಂಡಿರುತ್ತದೆ.
ಅದನ್ನು ನೆನೆಸಿ, ತುದಿಗೆ ಕಲ್ಲು ಕಟ್ಟಿ,
ಮರೆಯಲೆಂದು ತೂಗಿಹಾಕಿದೆ.
ನೂಲು ಒಣಗುವ ತನಕ ಕೈ ಖಾಲಿ.

ನವೆಂಬರ್. ಮೋಟಾರ್ ಸೈಕಲ್ಲಿನ ಪಕ್ಕದ ಗಾಡಿಯಲ್ಲಿ
ಮೂರು ಸಲ ಹೋಗಿ ಬಂದು ಸೌದೆ ತಂದೆ.
ಬರ್ಚ್ ಮರ, ಹಾಲಿನ ತೊಗಟೆ.
ಆಲ್ಡರ್ ಮರ, ಕಡಿದಾಗ ಪೇಲವ,
ನೋಡನೋಡುತ್ತ ಗಾಯದ ಹಾಗೆ ಕೆಂಪೇರುವಂಥದ್ದು.
ಗೋಡೆಗೆ ಒತ್ತಿ ಪೇರಿಸುತ್ತಿದ್ದೆ.
ಏನನ್ನೂ ಯೋಚಿಸುತ್ತಿರಲಿಲ್ಲ. ರಾತ್ರಿಯ ಸಾರಿಗೆ
ಈರುಳ್ಳಿ ಇದೆಯೋ ಇಲ್ಲವೋ, ಅಷ್ಟೆ.

ಯೂರಿ ಬಂದು ಗೊಣಗಿದ:
ಮಳೆ ತಲೆಯ ಮೇಲಿದೆ, ನೀನು ಆರಿಸಿ ಆರಿಸಿ ಇಡುತ್ತೀ,
ಹೇಗಿಟ್ಟರೂ ಒಲೆಗೇ ತಾನೆ ಹೋಗುವುದು?
ಎಲ್ಲಿ ಆರಿಸಿದೆ ಅಂತ ಜಗಳಕ್ಕೆ ಸಿದ್ಧಳಾಗಿ
ನಾಲ್ಕು ಹೆಜ್ಜೆ ಹಿಂದೆ ಸರಿದೆ.

ಎರಡು ಬಿಳಿ, ಒಂದು ಕೆಂಪು.
ಮೇಲಿನ ಸಾಲಿನಲ್ಲಿ ಕೆಂಪು ಒಂದು ಮನೆ ಪಕ್ಕಕ್ಕೆ.
ಅದರ ಮೇಲೆ ಇನ್ನೂ ಪಕ್ಕಕ್ಕೆ, ಆಮೇಲೆ ವಾಪಸ್ಸು.
ಅಲ್ಲೊಂದು ಗಂಟುಮರ ತಪ್ಪಿ ಕೂತು
ಓರೆಯಾಗಿ ಕಣ್ಣು ಹೊಡೆಯುತ್ತಿತ್ತು.
ಕಳ್ಳ ಕೈ!
ನಾನು ಅಳುತ್ತ ಕೂತಿದ್ದಾಗ
ನನಗೆ ಹೇಳದೆ, ನೂಲಿಲ್ಲದೆ,
ಸೌದೆಯಲ್ಲಿ ಹೆಣೆಯುತ್ತಿತ್ತು.

ಮೊದಲ ಜೊತೆ ಚೆನ್ನಾಗಿ ಬರಲಿಲ್ಲ.
ಎಡಗೈಯ ಹೆಬ್ಬೆರಳು ಸೊಟ್ಟಗಾಯಿತು.
ಗಂಟುಮರವನ್ನು ಎಲ್ಲಿ ಇಡುವುದೆಂದು ಇನ್ನೂ ತಿಳಿದಿಲ್ಲ.
ಸಾಲ್ಮೆ ತಿರುವಿ ಮುರುವಿ ನೋಡಿ
ಹೂಂ ಅಂದಳು,
ಮತ್ತೆ ಮರುದಿನ ಬಂದು, ಇನ್ನೊಮ್ಮೆ ತೋರಿಸು ಅಂದಳು.

ಇವತ್ತು ಹಿಮ. ಹಡಗಿಲ್ಲ.
ಒಲೆಗೆ ಐದು ತುಂಡು ಬೇಕು.
ಬುಟ್ಟಿ ಹಿಡಿದು ಗೋಡೆಯ ಮುಂದೆ
ಬೇಕಾದ್ದಕ್ಕಿಂತ ಹೆಚ್ಚು ಹೊತ್ತು ನಿಂತಿದ್ದೇನೆ.
ಯಾವುದನ್ನು ಎಳೆದರೂ
ನಾಳೆಗೆ ಇದು ಬೇರೆ.
ಒಳಗಿನಿಂದ ಯೂರಿ ಕೂಗುತ್ತಿದ್ದಾನೆ,
ಬಾಗಿಲು ಹಾಕು ಮಾರಾಯ್ತಿ, ಚಳಿ.