ಹಿಂದಿನ ಪುಟದಿಂದ

ಅಕ್ಕನ ಮದುವೆಗೆ ಬಂದದ್ದು ಹನ್ನೊಂದು ಗೋಡೆ ಗಡಿಯಾರ.
ಒಂದೂ ಇನ್ನೊಂದರ ಮಾತು ಕೇಳುತ್ತಿರಲಿಲ್ಲ.
ಮಂಚದ ಕೆಳಗೆ, ರಟ್ಟಿನ ಡಬ್ಬಿಯಲ್ಲಿ,
ಸೆಲ್ಲು ತೀರುವವರೆಗೆ ಹನ್ನೊಂದು ಥರದ ಹೊತ್ತು.
ಆಮೇಲೆ ಒಂದೊಂದೇ ಬೇರೆಯವರ ಆಯೇರಿಗೆ ಹೋದವು.
ಒಂದು ಊರೆಲ್ಲ ತಿರುಗಿ ನಮ್ಮ ಮನೆಗೇ ಬಂತು,
ಬೆನ್ನಿಗೆ ಅವ್ವ ಬರೆದಿದ್ದ ಹೆಸರು ಹಾಗೇ ಇತ್ತು.

ಅದಕ್ಕೇ ನಾನು, ಸೂಗಮ್ಮ,
ಆಸ್ಪತ್ರೆಯಲ್ಲಿ ರಕ್ತದ ಶೀಶೆಗೆ ಚೀಟಿ ಅಂಟಿಸುವವಳು,
ನನ್ನ ಮದುವೆಗೆ ನಾನೇ ಪಟ್ಟಿ ಬರೆದೆ.
ಬೇಕಾದ್ದು ಮಾತ್ರ. ಎಲ್ಲಿ ಸಿಗುತ್ತದೆ, ಅದೂ.

ಅಂಬಮ್ಮ ಚಿಗವ್ವ ಹಣೆ ಬಡಿದುಕೊಂಡಳು:
"ಕೇಳಿ ಇಸಗೋತಾರೇನ ಆಯೇರಿ? ಬೀಗರು ಏನಂದಾರು?"
ಹನುಮೇಶ ಫೋನಿನಲ್ಲಿ ಅಂದದ್ದು ಇಷ್ಟೇ:
"ಕುಕ್ಕರ್ ಮೂರು ಲೀಟರಿಂದು ಬರಿ.
ಇಬ್ಬರಿಗೆ ಐದು ಲೀಟರ್ ಯಾಕ."

ನಸೀಮಾ ಮೊಬೈಲ್ ತೋರಿಸಿದಳು. ದೊಡ್ಡ ಕಂಪನಿಯದು,
ಒತ್ತಿದರೆ ಸಾಕು, ಪಟ್ಟಿ ತಾನೇ ಆಗುತ್ತದೆ.
ಹುಡುಕಿದೆ. ತೀನ್ ಕಂದೀಲಿನ ಹಿಂದಿನ ಗಲ್ಲಿ ಅದರಲ್ಲಿರಲಿಲ್ಲ.
ಶನಿವಾರ ಡ್ಯೂಟಿ ಮುಗಿಸಿ, ರಾಯಚೂರಿನ ಬಿಸಿಲು
ಇನ್ನೂ ತಲೆಯ ಮೇಲಿರುವಾಗಲೇ, ಚೀಟಿ ಹಿಡಿದು ನಡೆದೆ.

ಪಾತ್ರೆಯ ಭವರಲಾಲರು ಕನ್ನಡಕ ಏರಿಸಿ ಓದಿದರು,
ಉದ್ರಿ ವಹಿ ತೆಗೆದರು. ಕೆಂಪು ಬಟ್ಟೆಯ ರಟ್ಟು.
ಅಪ್ಪನ ಪುಟ ನನಗೆ ಗೊತ್ತಿತ್ತು:
ಬಸ್ ಡಿಪೋದ ಪಗಾರ ತಡವಾದ ತಿಂಗಳುಗಳ
ಪರಾತ, ಬಿಂದಿಗೆ, ಅಕ್ಕನ ಬಾಣಂತನದ ಹಂಡೆ.
ವಹಿಯನ್ನು ತಲೆಕೆಳಗು ಮಾಡಿ
ಹಿಂದಿನ ಪುಟದಲ್ಲಿ ನನ್ನ ಹೆಸರು ಬರೆದರು.
"ಆ ಕಡಿಂದ ನೀವು ಕೊಡಾದು, ಈ ಕಡಿಂದ ನಿಮಗ ಬರಾದು.
ನಡುವ ಎಲ್ಲೋ ಒಂದು ಖಾಲಿ ಹಾಳಿ ಇರ್ತೈತಿ,
ಅದನ್ನ ಮಾತ್ರ ಹರೀಬ್ಯಾಡ."

ಗಾದಿ ಖಾಸಿಂಸಾಬರ ಅಂಗಡಿಯಲ್ಲಿ ಗಾಳಿಯೇ ಬಿಳಿ.
ಇಬ್ಬರ ಗಾದಿಗೆ ಹದಿನಾಲ್ಕು ಕಿಲೋ ಅರಳೆ,
ಒಬ್ಬರೇ ಯಾರು ಕೊಟ್ಟಾರು?
"ಬಿಡಿಬಿಡಿ ಬರಕೊಂತೀನಿ ತಗೋವ್ವ," ಅಂದರು
ಹುಬ್ಬಿನ ಮೇಲಿನ ಎಳೆ ಒರೆಸಿ.
"ಬ್ಯಾಂಕಿನ ಮಾವಂದೂ ತೂಗ್ತೀನಿ,
ವಾರ್ಡಿನ ಆಯಾಂದು ಅರ್ಧ ಕಿಲೋನೂ ತೂಗ್ತೀನಿ.
ಬಡಿದ ಮ್ಯಾಲ ಯಾರದು ಎಷ್ಟಂತ ಅರಳಿಗೂ ನೆನಪಿರಲ್ಲ."

ಸ್ಟೇಶನ್ ರಸ್ತೆಯ ಬೇವಿನ ನೆರಳು ಹುಲಿಗೆಮ್ಮನ ಅಂಗಡಿ.
ನೆರಳು ಸರಿದಂತೆ ಅಂಗಡಿಯೂ ಸರಿಯುತ್ತದೆ.
ವಿಳಾಸ ಏನೆಂದು ಬರೆಯಲಿ?
'ಮುಂಜಾನೆ ಗಿಡದ ಈ ಕಡೆ, ಸಂಜೆ ಆ ಕಡೆ' ಎಂದು ಬರೆದೆ.
ಒಂದು ಒಳಕಲ್ಲು, ಚಿಕ್ಕದು,
ಬಾಡಿಗೆ ಮನೆಯ ಕಟ್ಟೆ ತಡೆಯುವಷ್ಟು.
ಅಕ್ಷರ ಬಾರದ ಆಕೆ ಉಳಿ ಎತ್ತಿ
ಕಲ್ಲಿನ ತಳಕ್ಕೆ ಒಂದು ಗೆರೆ ಹೊಡೆದಳು.
"ಇದು ನಿಂದ. ರೊಕ್ಕ ಕೊಟ್ಟವರಿಗೆ ಇನ್ನೊಂದು ಗೆರಿ."
ಯಾರೂ ಕೊಡದಿದ್ದರೆ?
"ಕಲ್ಲೇನು ಹಳಸತೈತೇನ?"

ಪ್ರೆಸ್ಸಿನ ಹುಡುಗ ಕೇಳಿದ, ಪಟ್ಟಿ ಎಲ್ಲಿ ಹಾಕಲಿ ಅಕ್ಕಾ?
'ಆಶೀರ್ವಾದವೇ ಉಡುಗೊರೆ' ಅಂತ ಹಾಕುವ ಜಾಗದಲ್ಲಿ ಹಾಕಪ್ಪ,
ಆ ಮಾತನ್ನು ಈವರೆಗೆ ಯಾರೂ ನಂಬಿದ್ದಿಲ್ಲ.

ಕುಕ್ಕರ್ ಐದು ಲೀಟರಿಂದೇ ಬಂತು. ಎರಡು.
ಗಡಿಯಾರವೂ ಒಂದು ಬಂತು.
ತೂಗುಹಾಕಿದೆವು. ಹೊತ್ತು ನೋಡಲು ಒಂದು ಬೇಕೇ ಇತ್ತು,
ಪಟ್ಟಿಯಲ್ಲಿ ಬರೆಯಲು ನಾನೇ ಮರೆತಿದ್ದೆ.
ಅರಳೆಯ ಚೀಟಿಯಲ್ಲಿ ಮೂರು ಕಿಲೋ ಎದುರು
ಹೆಸರಿಲ್ಲ, ಬರೇ 'ಚಿಗವ್ವ' ಎಂದಿತ್ತು.

ಒಳಕಲ್ಲೂ ಬಂತು, ಆಟೋದಲ್ಲಿ, ಗೋಣಿ ಸುತ್ತಿ.
ಯಾರು ಕೊಟ್ಟರೆಂದು ಕೇಳಲು ಹೋದೆ.
"ಒಂದು ಹೆಣಮಗಳು. ಹೆಸರು ಹೇಳಿದಳು,
ನಾ ಎಲ್ಲಿ ಇಟಗೊಳ್ಲಿ ಅದನ್ನ?"

ಯಾರ ಮನೆ ಮದುವೆಗೆ ಹೋದರೂ ಈಗ ಅನುಮಾನ,
ಈಕೆಯೇ ಇರಬಹುದೆಂದು ಮುಯ್ಯಿ ಒಂದಿಷ್ಟು ಹೆಚ್ಚೇ ಮಾಡುತ್ತೇನೆ.
ಪುಂಡಿಪಲ್ಲೆ ಅರೆದು, ಕಲ್ಲು ತೊಳೆದು, ಬೋರಲು ಹಾಕುವಾಗ
ಬೆರಳಿಗೆ ತಾಗುತ್ತವೆ
ಎರಡು ಗೆರೆ.